ಮೀಟರ್ ಟ್ಯಾಕ್ಸಿ, ಕಮಿಷನ್ ಆಪ್, ಚಂದಾ ಆಪ್: ಮೂರರಲ್ಲೂ ಓಡಾಡಿ ನೋಡಿದ ಮೇಲೆ

ಸ್ಟ್ಯಾಂಡಿನಲ್ಲಿ ಸಿಗುವ ಮೀಟರ್ ಟ್ಯಾಕ್ಸಿ ಒಂದು. ಪ್ರತಿ ಬಾಡಿಗೆಯಲ್ಲೂ ಕಮಿಷನ್ ಹಿಡಿಯುವ ಆಪ್ ಇನ್ನೊಂದು. ಚಾಲಕರಿಂದ ದಿನಕ್ಕೋ ತಿಂಗಳಿಗೋ ಚಂದಾ ಪಡೆದು, ಬಾಡಿಗೆ ದುಡ್ಡನ್ನು ಪೂರ್ತಿ ಅವರಿಗೇ ಬಿಡುವ ಆಪ್ ಮೂರನೆಯದು. ಆಫೀಸಿಗೆ, ರೈಲ್ವೆ ಸ್ಟೇಷನ್ನಿಗೆ, ರಾತ್ರಿ ಹೊತ್ತು ಆಸ್ಪತ್ರೆಗೆ ಅಂತ ಮೂರನ್ನೂ ಬಳಸಿದ್ದೇನೆ. ಯಾವುದು ಅಗ್ಗ ಅನ್ನುವುದು ದಿನದಿಂದ ದಿನಕ್ಕೆ ಬದಲಾಗುತ್ತದೆ. ಕೇಳಿದ ದುಡ್ಡು ಸರಿಯೇ ಅಂತ ನಾವು ತಾಳೆ ನೋಡಬಹುದೇ, ತಪ್ಪಾದರೆ ಯಾರನ್ನು ಕೇಳಬೇಕು, ಈ ಎರಡು ಪ್ರಶ್ನೆ ಮಾತ್ರ ಬದಲಾಗುವುದಿಲ್ಲ. ಅದಕ್ಕೇ ಹೋಲಿಕೆಯನ್ನು ಅಲ್ಲಿಂದಲೇ ಶುರು ಮಾಡುತ್ತೇನೆ.

ಮೀಟರ್ ಟ್ಯಾಕ್ಸಿಯ ಲೆಕ್ಕ ಬಿಚ್ಚಿಟ್ಟ ಲೆಕ್ಕ. ಹತ್ತಿದಾಗ ಇಷ್ಟು, ಆಮೇಲೆ ದೂರಕ್ಕೆ ಇಷ್ಟು, ಸಿಗ್ನಲ್‌ನಲ್ಲಿ ನಿಂತರೆ ಕಾಯುವುದಕ್ಕೆ ಇಷ್ಟು. ದರ ಗೊತ್ತುಮಾಡುವುದು ಸರ್ಕಾರ. ಮೀಟರ್ ಸರಿಯಾಗಿ ಓಡುತ್ತಿದೆಯೇ ಅಂತ ಪರೀಕ್ಷಿಸಿ ಸೀಲ್ ಹಾಕಿಸುವ ವ್ಯವಸ್ಥೆಯೂ ಇದೆ. ಜರ್ಮನಿಯ ಫ್ರೀಡ್ರಿಶ್ ಬ್ರೂನ್ 1891ರಲ್ಲಿ ರೂಪಿಸಿದ ಯಂತ್ರದ ದೊಡ್ಡ ಗುಣವೇ ಇದು. ಚಾಲಕರಿಗೂ ನಮಗೂ ಒಂದೇ ಅಂಕಿ ಕಾಣುತ್ತದೆ. ಸುತ್ತುಬಳಸಿ ಕರೆದುಕೊಂಡು ಹೋಗುವ ಚಾಲಕರು ನನಗೂ ಸಿಕ್ಕಿದ್ದಾರೆ. ಆದರೆ ಆ ಮೋಸ ಕಣ್ಣಿಗೆ ಕಾಣುವಂಥದ್ದು, ದಾರಿ ಗೊತ್ತಿದ್ದರೆ ಅಲ್ಲೇ ಕೇಳಬಹುದು.

ಕಮಿಷನ್ ಆಪ್‌ನಲ್ಲಿ ಹತ್ತುವ ಮೊದಲೇ ದರ ಗೊತ್ತಾಗುತ್ತದೆ. ಇದು ನಿಜವಾಗಿಯೂ ದೊಡ್ಡ ಅನುಕೂಲ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ಮೀಟರ್ ನೋಡುತ್ತಾ ಎದೆ ಹೊಡೆದುಕೊಳ್ಳುವುದು ತಪ್ಪುತ್ತದೆ. ಆದರೆ ಆ ದರ ಎಲ್ಲಿಂದ ಬಂತು? ನಾನೂ ತಂಗಿಯೂ ಪಕ್ಕಪಕ್ಕ ನಿಂತು, ಒಂದೇ ಜಾಗದಿಂದ ಒಂದೇ ಜಾಗಕ್ಕೆ, ಒಂದೇ ಆಪ್‌ನಲ್ಲಿ ಕೇಳಿ ನೋಡಿದೆವು. ಇಬ್ಬರಿಗೂ ಬೇರೆ ಬೇರೆ ದರ ಬಂತು. ಕಾರಣ ಎಲ್ಲೂ ಬರೆದಿರಲಿಲ್ಲ. ಮೀಟರಿಗೆ ಸೀಲ್ ಬೇಕು ಅನ್ನುವ ಕಾನೂನು ಇರುವಾಗ, ಈ ಲೆಕ್ಕಕ್ಕೆ ಯಾಕೆ ಬೇಡ? ನನ್ನ ಮುಖ್ಯ ತಕರಾರು ಇದೇ.

ಬೇಡಿಕೆ ಏರಿದಾಗ ದರ ಏರಿಸಿದರೆ ಜಾಸ್ತಿ ಚಾಲಕರು ರಸ್ತೆಗಿಳಿಯುತ್ತಾರೆ ಅನ್ನುವ ವಾದದಲ್ಲಿ ಅರ್ಥ ಇದೆ. ಮಳೆ ಬರುವಾಗ ಸ್ಟ್ಯಾಂಡ್ ಖಾಲಿ ಹೊಡೆಯುತ್ತಿದ್ದರೂ ಆಪ್‌ನಲ್ಲಿ ಗಾಡಿ ಸಿಕ್ಕಿದ್ದನ್ನು ನಾನೇ ಕಂಡಿದ್ದೇನೆ. ಆದರೆ ಇದಕ್ಕೆ ಮಿತಿ ಬೇಕೇ ಬೇಕು. 2014ರ ಡಿಸೆಂಬರ್‌ನಲ್ಲಿ ಸಿಡ್ನಿಯ ಕೆಫೆಯೊಂದರಲ್ಲಿ ಬಂದೂಕುಧಾರಿ ಜನರನ್ನು ಒತ್ತೆಯಿಟ್ಟುಕೊಂಡಾಗ, ಅಲ್ಲಿಂದ ಹೊರಡಲು ಹೊರಟವರಿಗೆ ಊಬರ್ ದರ ತಾನಾಗಿಯೇ ಏರಿಹೋಯಿತು. ಟೀಕೆ ಬಂದ ಮೇಲೆ ಕಂಪನಿ ದುಡ್ಡು ವಾಪಸ್ ಕೊಡಬೇಕಾಯಿತು. ಯಂತ್ರಕ್ಕೆ ಕಂಡದ್ದು ಬೇಡಿಕೆ ಅಷ್ಟೇ, ಭಯ ಅಲ್ಲ. ಭಾರತದ 2025ರ ಮಾರ್ಗಸೂಚಿ ಏರಿಕೆಯನ್ನು ಮೂಲ ದರದ ಎರಡು ಪಟ್ಟಿಗೆ ನಿಲ್ಲಿಸಿದೆ. 2020ರಲ್ಲಿ ಈ ಮಿತಿ ಒಂದೂವರೆ ಪಟ್ಟು ಇತ್ತು. ನನ್ನ ಪ್ರಕಾರ ಹಳೆಯ ಮಿತಿಯೇ ಚೆನ್ನಾಗಿತ್ತು.

ಚಂದಾ ಆಪ್‌ನಲ್ಲಿ ದರ ಅಷ್ಟಾಗಿ ಏರುವುದಿಲ್ಲ. ಆದರೆ ಬೆಳಗಿನ ರಶ್‌ನಲ್ಲಿ ಸುಮ್ನೆ ಕೇಳಿದರೆ ಯಾರೂ ಬರಲಿಲ್ಲ. ‘ಟಿಪ್ ಸೇರಿಸಿ’ ಅಂತ ಪರದೆಯ ಮೇಲೆ ಬಂತು. ಸೇರಿಸಿದ ಕೂಡಲೇ ಗಾಡಿ ಬಂತು. ಪ್ರಯಾಣ ಶುರುವಾಗುವ ಮೊದಲೇ ಕೊಡಬೇಕಾದ ದುಡ್ಡು ಟಿಪ್ ಹೇಗಾಗುತ್ತದೆ? ಅದೂ ದರ ಏರಿಕೆಯೇ ಅಲ್ವಾ? ಮಿತಿ ಹಾಕುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬರುವುದಿಲ್ಲ ಅನ್ನುವ ತೊಂದರೆ ಮೂರರಲ್ಲೂ ಇದೆ. ಸ್ಟ್ಯಾಂಡಿನಲ್ಲಿ ಮುಖಕ್ಕೇ ಹೇಳುತ್ತಾರೆ. ಆಪ್‌ನಲ್ಲಿ ಒಪ್ಪಿಕೊಂಡು, ಫೋನ್ ಮಾಡಿ ಎಲ್ಲಿಗೆ ಅಂತ ಕೇಳಿ, ಆಮೇಲೆ ಕ್ಯಾನ್ಸಲ್ ಮಾಡುತ್ತಾರೆ. ಎರಡನೆಯದೇ ಜಾಸ್ತಿ ಕಷ್ಟ, ಯಾಕೆಂದರೆ ಅಷ್ಟು ಹೊತ್ತು ಕಾದದ್ದು ದಂಡ. ಲಂಡನ್ನಿನ ಕಪ್ಪು ಟ್ಯಾಕ್ಸಿಗಳ ನಿಯಮ ನನಗೆ ಹಿಡಿಸುತ್ತದೆ. ಸ್ಟ್ಯಾಂಡಿನಲ್ಲಿ ಬಾಡಿಗೆಗೆ ನಿಂತ ಚಾಲಕರು 12 ಮೈಲಿಯೊಳಗಿನ ಪ್ರಯಾಣವನ್ನು ಸರಿಯಾದ ಕಾರಣ ಇಲ್ಲದೆ ನಿರಾಕರಿಸುವ ಹಾಗಿಲ್ಲ.

ಸುರಕ್ಷತೆಯಲ್ಲಿ ಆಪ್‌ಗಳೇ ಮುಂದೆ. ಗಾಡಿ ನಂಬರ್ ಮೊದಲೇ ಸಿಗುತ್ತದೆ, ಹೋಗುತ್ತಿರುವ ದಾರಿಯನ್ನು ಮನೆಯವರಿಗೆ ಕಳಿಸಬಹುದು. ರಾತ್ರಿ ಒಬ್ಬಳೇ ಹೊರಟಾಗ ನಾನು ಬೇರೆ ಯೋಚನೆ ಮಾಡುವುದಿಲ್ಲ. ಆದರೆ ದೂರು ಕೊಡಲು ಹೋದಾಗ ಬಣ್ಣ ಬದಲಾಗುತ್ತದೆ. ಚಾಲಕರೊಬ್ಬರು ತಪ್ಪು ಜಾಗದಲ್ಲಿ ಇಳಿಸಿ ಹೋದದ್ದಕ್ಕೆ ಬರೆದರೆ, ‘ನಾವು ಬರೀ ಸಂಪರ್ಕ ಕಲ್ಪಿಸುವವರು’ ಅನ್ನುವ ಅರ್ಥದ ಉತ್ತರ ಬಂತು. ಊಬರ್ ಕೂಡ ನ್ಯಾಯಾಲಯದಲ್ಲಿ ಹೆಚ್ಚುಕಡಿಮೆ ಇದೇ ವಾದ ಹೂಡಿತ್ತು. ಬಾರ್ಸಿಲೋನಾದ ಟ್ಯಾಕ್ಸಿ ಚಾಲಕರ ಸಂಘ ತಂದ ಮೊಕದ್ದಮೆಯಲ್ಲಿ ಯುರೋಪಿನ ನ್ಯಾಯಾಲಯ 2017ರ ಡಿಸೆಂಬರ್‌ನಲ್ಲಿ ಅದನ್ನು ಒಪ್ಪಲಿಲ್ಲ. ಇದು ಸಾರಿಗೆ ಸೇವೆಯೇ, ಸಾರಿಗೆ ನಿಯಮಗಳನ್ನು ಇದಕ್ಕೆ ಅನ್ವಯಿಸಬಹುದು ಅಂದಿತು. ದರವನ್ನೋ ಚಾಲಕರನ್ನೋ ನಿಯಂತ್ರಿಸುವ ಕಂಪನಿ, ದೂರು ಬಂದಾಗ ಬರೀ ಮಧ್ಯವರ್ತಿ ಆಗಿಬಿಡಬಾರದು.

ಇನ್ನು ಚಾಲಕರ ಗಳಿಕೆ. ಹೋದಲ್ಲೆಲ್ಲಾ ಕೇಳಿದ್ದೇನೆ. ಕಮಿಷನ್ ಆಪ್‌ನ ಚಾಲಕರೊಬ್ಬರು ತಮ್ಮ ಫೋನ್ ತೋರಿಸಿದರು. ನಾನು ಕೊಟ್ಟ ದುಡ್ಡಿಗೂ ಅವರಿಗೆ ಬಂದದ್ದಕ್ಕೂ ತುಂಬಾ ಅಂತರ ಇತ್ತು. ಚಂದಾ ಆಪ್‌ನಲ್ಲಿ ಎರಡೂ ಅಂಕಿ ಒಂದೇ. ಹಾಗಂತ ಅದೇ ಉತ್ತಮ ಅಂತ ಹೇಳಿಬಿಡಲಾರೆ, ಬಾಡಿಗೆ ಸಿಗದ ದಿನವೂ ಚಂದಾ ಕಟ್ಟಬೇಕಾಗಬಹುದು. ಮೀಟರ್ ಟ್ಯಾಕ್ಸಿಯವರಿಗೆ ಪರ್ಮಿಟ್‌ನ ಹೊರೆ. ನ್ಯೂಯಾರ್ಕ್ 1937ರಲ್ಲಿ ಟ್ಯಾಕ್ಸಿ ಪರವಾನಗಿಗಳ ಸಂಖ್ಯೆಗೆ ಮಿತಿ ಹಾಕಿತು. ಮುಂದೆ ಒಂದೊಂದು ಪರವಾನಗಿಯ ಬೆಲೆ 10 ಲಕ್ಷ ಡಾಲರ್ ದಾಟಿತು. ಸಾಲ ಮಾಡಿ ಕೊಂಡ ಚಾಲಕರು, ಆಪ್‌ಗಳು ಬಂದು ಆ ಬೆಲೆ ಕುಸಿದಾಗ ಮುಳುಗಿಹೋದರು. ಅದೇ ನಗರ 2018ರಲ್ಲಿ ಆಪ್ ಗಾಡಿಗಳ ಹೊಸ ಪರವಾನಗಿಗೆ ತಡೆ ಹಾಕಿತು. 2019ರಲ್ಲಿ ಆಪ್ ಚಾಲಕರಿಗೆ ಕನಿಷ್ಠ ಗಳಿಕೆ ಗೊತ್ತುಮಾಡಿತು. ಗಾಡಿಗಳ ಸಂಖ್ಯೆಗೆ ಬೇಲಿ ಹಾಕುವುದಕ್ಕಿಂತ ಗಳಿಕೆಗೆ ತಳ ಕಟ್ಟುವುದು ಒಳ್ಳೆಯ ನಿಯಮ ಅನ್ನಿಸುತ್ತದೆ.

ಈಗ ಹಗಲು ಹೊತ್ತು, ಗೊತ್ತಿರುವ ದಾರಿಗೆ ನಾನು ಮೀಟರ್ ಟ್ಯಾಕ್ಸಿ ಹತ್ತುತ್ತೇನೆ. ರಾತ್ರಿ ಮತ್ತು ಹೊಸ ಜಾಗಕ್ಕೆ ಕಮಿಷನ್ ಆಪ್. ಅವಸರ ಇಲ್ಲದಾಗ ಚಂದಾ ಆಪ್. ಕಮಿಷನ್ ಆಪ್‌ನಲ್ಲಿ ಒಂದು ಬದಲಾವಣೆ ಆದರೆ ಅದನ್ನು ಇನ್ನೂ ಜಾಸ್ತಿ ಬಳಸುತ್ತೇನೆ. ನನ್ನ ರಸೀದಿಯಲ್ಲೇ ಚಾಲಕರಿಗೆ ಎಷ್ಟು ಹೋಯಿತು ಅಂತ ಬರೆದಿರಬೇಕು. ಅಮೆರಿಕದ ಕೊಲರಾಡೊ ರಾಜ್ಯ 2024ರಲ್ಲಿ ಇಂಥದ್ದೇ ಕಾನೂನು ಮಾಡಿತು.