ರೆಸಿನ್ ಟ್ಯಾಂಕ್‌ಗೆ ಮುಂಗಡ ಹಾಕುವ ಮುಂಚೆ ಇದನ್ನೊಮ್ಮೆ ಓದಿ

ವಾರ್‌ಗೇಮಿಂಗ್‌ಗೆ (ಹಳೆಯ ಕದನಗಳನ್ನು ಪುಟ್ಟ ಮಾದರಿಗಳಿಟ್ಟು ಮೇಜಿನ ಮೇಲೆ ಆಡುವ ಆಟಕ್ಕೆ) ರೆಸಿನ್ ಟ್ಯಾಂಕ್, ಅಂದರೆ ಗಟ್ಟಿಯಾಗುವ ಅಂಟಿನಂಥ ದ್ರವದಿಂದ ಮಾಡಿದ ಮಾದರಿ ಟ್ಯಾಂಕ್, ತರಿಸುವವರು, ಅದರಲ್ಲೂ ವಾಟ್ಸ್ಯಾಪಿನಲ್ಲೇ ಮಾತು ಮುಗಿಸಿ ಯುಪಿಐ ಮಾಡುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಅಚ್ಚಿಗೆ ಎರೆದ ರೆಸಿನ್ ಅಂತ ಹೇಳಿ, ನೆಟ್ಟಗೆ ಕ್ಯೂರ್ ಕೂಡ ಆಗದ (ಬೆಳಕಿಗೆ ಇಟ್ಟು ಪೂರ್ತಿ ಗಟ್ಟಿ ಮಾಡದ) 3ಡಿ ಪ್ರಿಂಟ್ ಕಳಿಸುವವನೊಬ್ಬ ಇದ್ದಾನೆ. ನಾವು ಐದು ಜನ ಸೇರಿ ಹಾಕಿದ 16,800 ರೂಪಾಯಿ ಹೋಯಿತು. ದುಡ್ಡಿನ ಸಂಕಟ ಹಾಗಿರಲಿ, ಅವನು ಕೊಟ್ಟ ಉತ್ತರಗಳನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ದೂರು ಕೊಟ್ಟಿದ್ದೇನೆ, ಅದು ಮುಗಿಯುವ ತನಕ ಹೆಸರು ಬರೆಯುವುದಿಲ್ಲ. ಅವನು ಮಾತಾಡುವ ಧಾಟಿ ಬರೆಯುತ್ತೇನೆ, ಗುರುತಿಟ್ಟುಕೊಳ್ಳಿ.

ನಾವು ಆಡಬೇಕು ಅಂದುಕೊಂಡಿದ್ದು ಜೋಜಿ ಲಾ, ಕಾಶ್ಮೀರದಿಂದ ಲಡಾಖಿಗೆ ಹೋಗುವ ಬೆಟ್ಟದ ಹಾದಿಯಲ್ಲಿ ಪಾಕಿಸ್ತಾನದ ವಿರುದ್ಧ ನಡೆದ ಕದನ. 1948ರ ನವೆಂಬರ್ 1. ಸುಮಾರು 11,500 ಅಡಿ ಎತ್ತರದ ಆ ಕಣಿವೆಗೆ ನಮ್ಮ ಸೇನೆಯ 7ನೇ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಹತ್ತಿದ ದಿನ. ಅಷ್ಟೆತ್ತರಕ್ಕೆ ಟ್ಯಾಂಕ್ ಬರುತ್ತದೆ ಅಂತ ಎದುರಿನವರು ಕನಸಿನಲ್ಲೂ ಎಣಿಸಿರಲಿಲ್ಲ. ಟರೆಟ್ (ಫಿರಂಗಿ ಇರುವ, ತಿರುಗುವ ಮೇಲ್ಭಾಗ) ಬಿಚ್ಚಿ, ಗುಟ್ಟಾಗಿ ಬುಡದಲ್ಲಿರುವ ಬಾಲ್ತಾಲ್‌ವರೆಗೆ ಸಾಗಿಸಿ, ಅಲ್ಲಿಂದ ಮೇಲಕ್ಕೆ ಮದ್ರಾಸ್ ಸ್ಯಾಪರ್ಸ್ (ಸೇನೆಯ ಎಂಜಿನಿಯರ್ ಪಡೆ) ಅಗಲ ಮಾಡಿದ ದಾರಿಯಲ್ಲಿ ಹತ್ತಿಸಿದರು. ಆ ಸ್ಯಾಪರ್ಸ್ ಕೇಂದ್ರ ನಮ್ಮ ಹಲಸೂರು ಕೆರೆ ಪಕ್ಕದಲ್ಲೇ ಇದೆ. ಇಡೀ ಯೋಜನೆಯ ಹಿಂದೆ ಇದ್ದವರು ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ಕೆ.ಎಸ್. ತಿಮ್ಮಯ್ಯ. ಇಂಥ ಕದನವನ್ನು ಕನ್ನಡದವರು ಮೇಜಿನ ಮೇಲೆ ಆಡದೆ ಇನ್ಯಾರು ಆಡಬೇಕು? ನವೆಂಬರ್ 1 ರಾಜ್ಯೋತ್ಸವದ ರಜೆ ಬೇರೆ. ಮಡಿಕೇರಿಯ ಗೆಳೆಯನ ಮನೆಯಲ್ಲಿ ಆಟ ಅಂತ ನಿಶ್ಚಯವಾಯಿತು. ಅವನ ತಂದೆ ಟ್ಯಾಂಕ್ ರೆಜಿಮೆಂಟಿನಲ್ಲಿದ್ದು ನಿವೃತ್ತರಾದವರು. ನೋಡಲು ಅವರೂ ಕೂರುತ್ತೇನೆ ಅಂದಿದ್ದರು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಆ ಮಾರಾಟಗಾರನಿಗೂ ಇದನ್ನೆಲ್ಲ ಹೇಳಿದ್ದೆ. "ತಿಮ್ಮಯ್ಯ ಸಾರ್ ಗೇಮಾ? ನಂಗೆ ಪ್ರೆಸ್ಟೀಜ್ ಬ್ರೋ ಇದು" ಅಂದಿದ್ದ. ಪ್ರೆಸ್ಟೀಜ್ ಅಂತೆ.

1:56 ಅಳತೆಯ (ಅಸಲಿಯ 56ರಲ್ಲಿ ಒಂದು ಪಾಲಿನ) ಆರು ಸ್ಟುವರ್ಟ್, ಒಂದಕ್ಕೆ 2,800. ಹೊರಗಿನಿಂದ ತರಿಸಿದರೆ ಕೊರಿಯರ್, ಕಸ್ಟಮ್ಸ್ ಎಲ್ಲ ಸೇರಿ ಎಷ್ಟಾಗುತ್ತದೆ ಅಂತ ನಿಮಗೆ ಗೊತ್ತು. ಅದಕ್ಕೇ ಇಲ್ಲಿ ಮಾಡುವವರು ಸಿಕ್ಕರೆ ನಮಗೆಲ್ಲ ಖುಷಿ. ನಮ್ಮ ಹವ್ಯಾಸದಲ್ಲಿ ಮುಂಗಡ ಕೊಡುವುದೇನೂ ಹೊಸದಲ್ಲ, ಅರ್ಧ ಕೊಟ್ಟು ಉಳಿದದ್ದನ್ನು ಪಾರ್ಸೆಲ್ ಫೋಟೋ ಬಂದ ಮೇಲೆ ಕೊಡುತ್ತೇವೆ. ಇವನು ಪೂರ್ತಿ ಕೇಳಿದ. "ಸಿಲಿಕಾನ್ ಮೋಲ್ಡ್ ಹೊಸದಾಗಿ ಹಾಕ್ಬೇಕು ಬ್ರೋ, ಪಿಯು ರೆಸಿನ್ ರೇಟ್ ಏರಿದೆ, ನಿಮ್ಮ ಆರ್ಡರಿಗೇ ಅಂತ ಮಾಡೋದು." ಪಿಯು ರೆಸಿನ್, ಸಿಲಿಕಾನ್ ಮೋಲ್ಡ್. ಎರಡೂ ಮಾತು ಅವನದೇ ಬರಹದಲ್ಲಿ ನನ್ನ ಹತ್ತಿರ ಇವೆ. ಎರಡು ದ್ರವ ಬೆರೆಸಿ ಅಚ್ಚಿಗೆ ಸುರಿಯುವ ಆ ಪಿಯು (ಪಾಲಿಯುರೆಥೇನ್) ಟ್ಯಾಂಕ್ ಕೈಯಲ್ಲಿ ಹಿಡಿದರೆ ಗಟ್ಟಿಯಾಗಿ, ತೂಕವಾಗಿ ಇರುತ್ತದೆ. ನಾವು ದುಡ್ಡು ಕೊಟ್ಟಿದ್ದು ಅದಕ್ಕೆ.

ಹೇಳಿದ ದಿನಕ್ಕೆ ಬರಲಿಲ್ಲ, ಅದು ಬಿಡಿ, ಎಲ್ಲರದೂ ತಡವಾಗುತ್ತದೆ. ಬಂದ ಮೇಲೆ ನೋಡಿದರೆ ಮುಂದಿನ ಇಳಿಜಾರು ಕವಚದ ಮೇಲೆ ಸಣ್ಣ ಸಣ್ಣ ಮೆಟ್ಟಿಲಿನ ಗೆರೆ, ಪದರ ಪದರವಾಗಿ ಮಾಡುವ 3ಡಿ ಪ್ರಿಂಟಿನಲ್ಲಿ ಬರುವಂಥದ್ದು. ಕೇಳಿದೆ. "ಬ್ರೋ, ಮಾಸ್ಟರ್ ಪ್ರಿಂಟ್ ಮಾಡಿದ್ದು, ಅದ್ರಿಂದ ಮೋಲ್ಡ್ ತೆಗ್ದಿದ್ದು. ಮಾಸ್ಟರ್ ಗೆರೆ ಮೋಲ್ಡಲ್ಲಿ ಬರತ್ತೆ. ಪೀಸ್ ಕ್ಯಾಸ್ಟಿಂಗೇ." ಇದು ಸುಳ್ಳು ಅಂತ ಯಾರಿಗೆ ಹೊಳೆಯಬೇಕು? ಈಗ ಎಷ್ಟೋ ಕಂಪನಿಗಳು ಮಾಸ್ಟರನ್ನು, ಅಂದರೆ ಅಚ್ಚಿನ ಮೂಲ ಮಾದರಿಯನ್ನು, ಪ್ರಿಂಟ್ ಮಾಡಿಯೇ ಅಚ್ಚು ತೆಗೆಯುತ್ತವೆ. ಈ ಹವ್ಯಾಸ ಅರೆದು ಕುಡಿದವನ ಸುಳ್ಳು ಅದು, ಅದಕ್ಕೇ ಸಿಟ್ಟು ಇನ್ನೂ ಹೆಚ್ಚು.

ಮುಟ್ಟಿದರೆ ಅಂಟು. ಹಲಸಿನ ಮೇಣ ಹತ್ತಿದ ಹಾಗೆ ಬೆರಳು ಎಳೆಯುತ್ತಿತ್ತು. "ಅದು ಮೋಲ್ಡ್ ರಿಲೀಸ್ ಬ್ರೋ, ಪಾತ್ರೆ ತೊಳೆಯೋ ಲಿಕ್ವಿಡಲ್ಲಿ ತೊಳೀರಿ." ಇದೂ ನಂಬುವಂಥದ್ದೇ. ಅಚ್ಚಿನಿಂದ ಬಿಡಿಸಲು ಹಾಕುವ ಎಣ್ಣೆ ಉಳಿದಿದ್ದರೆ ಬಣ್ಣ ನಿಲ್ಲುವುದಿಲ್ಲ, ಎಲ್ಲರೂ ಸೋಪು ನೀರಿನಲ್ಲಿ ತೊಳೆದೇ ಶುರು ಮಾಡುತ್ತೇವೆ. ಉಗುರುಬೆಚ್ಚಗಿನ ನೀರು, ಹಳೇ ಹಲ್ಲುಜ್ಜುವ ಬ್ರಷ್. ತೊಳೆದೆ, ಒಣಗಿಸಿದೆ, ಮತ್ತೆ ತೊಳೆದೆ. ಅಣ್ಣನ ಮಗಳು ಪಕ್ಕದಲ್ಲೇ ಕೂತು ಬರಿಗೈಯಲ್ಲಿ ಚಕ್ರಗಳನ್ನು ಉಜ್ಜಿಕೊಟ್ಟಳು. ಹತ್ತು ವರ್ಷದ ಮಗು. ಅಚ್ಚಿಗೆ ಎರೆದ ರೆಸಿನ್ ಒಮ್ಮೆ ಗಟ್ಟಿಯಾದ ಮೇಲೆ ಮುಟ್ಟಿದರೆ ಏನೂ ಆಗುವುದಿಲ್ಲ, ಉಜ್ಜುವಾಗ ಬರುವ ಪುಡಿ ಉಸಿರಿಗೆ ಹೋಗದಿದ್ದರೆ ಸಾಕು. ಕ್ಯೂರ್ ಆಗದ ಪ್ರಿಂಟ್ ರೆಸಿನ್ ಹಾಗಲ್ಲ, ಗ್ಲೌಸ್ ಇಲ್ಲದೆ ಮುಟ್ಟಲೇಬಾರದು, ಚರ್ಮಕ್ಕೆ ಅಲರ್ಜಿ ಹತ್ತುತ್ತದೆ. ಅವಳ ಬೆರಳಸಂದಿಯಲ್ಲಿ ಕೆಂಪು ಎದ್ದು ತುರಿಕೆ ಶುರುವಾದಾಗ ಸೋಪಿನದಿರಬೇಕು ಅಂದುಕೊಂಡೆವು. ಅದು ಪ್ರಿಂಟ್ ಅಂತ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಸೋಪು ಹಾಕಿ ಉಜ್ಜಿ ಅಂದ. ದುಡ್ಡು ತಿಂದದ್ದನ್ನು ಒಂದಲ್ಲ ಒಂದು ದಿನ ಮರೆತೇನು, ಇದನ್ನು ಮರೆಯಲ್ಲ.

ಪ್ರೈಮರ್ ಹೊಡೆದೆ. ಒಣಗಲೇ ಇಲ್ಲ. ರಾತ್ರಿಯೆಲ್ಲ ಬಿಟ್ಟರೂ ಬೆರಳಚ್ಚು ಮೂಡುತ್ತಿತ್ತು. ಅವನ ಉತ್ತರ: "ಬೆಂಗಳೂರಲ್ಲಿ ಮಳೆ ಬ್ರೋ, ಹ್ಯುಮಿಡಿಟಿ. ನಿಮ್ಮ ಪ್ರೈಮರ್ ಚೆಕ್ ಮಾಡಿ." ಅದೇ ಡಬ್ಬಿಯಿಂದ ಅದೇ ಹೊತ್ತಿನಲ್ಲಿ ಪ್ಲಾಸ್ಟಿಕ್ ಸೈನಿಕರಿಗೂ ಹೊಡೆದಿದ್ದೆ, ಅವು ಕಾಫಿ ಕುಡಿಯುವುದರೊಳಗೆ ಒಣಗಿದ್ದವು. ಎರಡನ್ನೂ ಪಕ್ಕಪಕ್ಕ ಇಟ್ಟು ಫೋಟೋ ಕಳಿಸಿದೆ. ನೋಡಿದ. ಉತ್ತರವಿಲ್ಲ. ಮಾರನೇ ದಿನ ವಾಯ್ಸ್ ಮೆಸೇಜ್: "ಬ್ರೋ, ಟೆನ್ಷನ್ ತಗೋಬೇಡಿ, ಮಧ್ಯಾಹ್ನದ ಬಿಸಿಲಲ್ಲಿ ಎರಡು ಮೂರು ಗಂಟೆ ಇಡಿ, ಸೆಟ್ ಆಗತ್ತೆ, ನಾನೂ ಹಂಗೇ ಮಾಡೋದು."

ಇಟ್ಟೆ. ಟೆರೇಸಿನ ಮೇಲೆ, ಒಂದೇ ಒಂದನ್ನು. ನಾಲ್ಕು ಗಂಟೆಗೆ ಹೋಗಿ ನೋಡಿದರೆ ಹಲ್‌ನ (ಟ್ಯಾಂಕಿನ ಒಡಲಿನ) ಪಕ್ಕಕ್ಕೆ ಉದ್ದಕ್ಕೆ ಬಿರುಕು, ಬಿರುಕಿನಿಂದ ಬೂದು ಬಣ್ಣದ ಗಟ್ಟಿ ದ್ರವ ಟ್ರ್ಯಾಕ್ ಮೇಲೆ ಇಳಿಯುತ್ತಾ ಇದೆ. ಮೂಗಿಗೆ ಹೊಡೆಯುವ ವಾಸನೆ. ಗ್ಲೌಸ್ ಹಾಕಿಕೊಂಡು ಬಿರುಕನ್ನು ಅಗಲಿಸಿ ಟಾರ್ಚ್ ಬಿಟ್ಟೆ. ಒಳಗೆಲ್ಲ ಪೊಳ್ಳು. ಪೊಳ್ಳಿನ ತುಂಬ ಜಾಲರಿ. ಪ್ರಿಂಟ್ ಮಾಡುವವರಿಗೆ ಗೊತ್ತು, ಒಳಗನ್ನು ಪೊಳ್ಳು ಮಾಡಿದಾಗ ಗೋಡೆ ಕುಸಿಯದ ಹಾಗೆ ಸಾಫ್ಟ್‌ವೇರ್ ಹಾಕುವ ಜಾಲರಿ ಅದು. ಅಚ್ಚಿಗೆ ಎರೆದ ಟ್ಯಾಂಕಿನೊಳಗೆ ಜಾಲರಿ ಎಲ್ಲಿಂದ ಬರುತ್ತದೆ? ರೆಸಿನ್ ಉಳಿಸಲು ಪೊಳ್ಳು ಮಾಡಿದ್ದಾನೆ. ಪೊಳ್ಳು ಮಾಡಿದರೆ ತಳದಲ್ಲಿ ತೂತು ಬಿಟ್ಟು, ಒಳಗಿನ ದ್ರವ ಬಸಿದು, ಐಪಿಎ ಎಂಬ ಆಲ್ಕೋಹಾಲಿನಲ್ಲಿ ಒಳಗೂ ತೊಳೆದು, ಆಮೇಲೆ ಯುವಿ ಬೆಳಕಿಗೆ ಇಡಬೇಕು. ತೂತೇ ಇಲ್ಲ. ಹಸಿ ರೆಸಿನ್ ಒಳಗೇ ಉಳಿದಿದೆ, ಹೊರಗಿನ ಸಿಪ್ಪೆ ಬಿಸಿಲಿಗೆ ಇನ್ನೂ ಗಟ್ಟಿಯಾಗಿ ಬಿಗಿದು ಸೀಳಿದೆ. ಆ ಟೆರೇಸಿನಲ್ಲಿ ನಿಂತಾಗ ಎಲ್ಲ ಒಟ್ಟಿಗೆ ಅರ್ಥವಾಯಿತು. ಮಾಸ್ಟರ್ ಗೆರೆ ಸುಳ್ಳು. ಮೋಲ್ಡ್ ರಿಲೀಸ್ ಸುಳ್ಳು, ಮೋಲ್ಡೇ ಇಲ್ಲದ ಮೇಲೆ ರಿಲೀಸ್ ಎಲ್ಲಿಂದ? ಮಳೆ ಸುಳ್ಳು. ಕೇಳಿದ ಒಂದೊಂದು ಪ್ರಶ್ನೆಗೂ ಅವನ ಹತ್ತಿರ ಉತ್ತರ ಮೊದಲೇ ಸಿದ್ಧವಿತ್ತು.

ಬಿರುಕಿನ ವಿಡಿಯೋ ಕಳಿಸಿದೆ. ಬಂದ ಉತ್ತರ ಅಕ್ಷರಶಃ ಹೀಗಿದೆ: "ಬಿಸಿಲಿಗೆ ಯಾಕಿಟ್ರಿ ಬ್ರೋ? ರೆಸಿನ್ ಬಿಸಿಲಿಗಿಟ್ರೆ ಕ್ರ್ಯಾಕ್ ಆಗತ್ತೆ. ಇದು ಕಸ್ಟಮರ್ ಮಿಸ್ಟೇಕ್."

ಬಿಸಿಲಿಗೆ ಯಾಕಿಟ್ರಿ ಅಂತೆ! ನೀವೇ ಹೇಳಿದಿರಲ್ಲ, ನಿಮ್ಮ ವಾಯ್ಸ್ ಮೆಸೇಜ್ ಇದೆಯಲ್ಲ ಅಂತ ಬರೆದು ಮೇಲಕ್ಕೆ ಹೋಗಿ ನೋಡುತ್ತೇನೆ, ಮೆಸೇಜ್ ಡಿಲೀಟ್ ಮಾಡಿದ್ದಾನೆ. "ಈ ಸಂದೇಶವನ್ನು ಅಳಿಸಲಾಗಿದೆ." ಕೈ ನಡುಗಿತು. ಪುಣ್ಯಕ್ಕೆ ಆ ವಾಯ್ಸನ್ನು ನಮ್ಮ ಐವರ ಗುಂಪಿಗೆ ಆಗಲೇ ಫಾರ್ವರ್ಡ್ ಮಾಡಿದ್ದೆ. ಅದನ್ನೇ ವಾಪಸ್ ಅವನಿಗೆ ಕಳಿಸಿದೆ. ಆಗ ಮಾತಿನ ವರಸೆಯೇ ಬೇರೆಯಾಯಿತು. "ಅನ್‌ಬಾಕ್ಸಿಂಗ್ ವಿಡಿಯೋ ಇದ್ಯಾ? ಇಲ್ದಿದ್ರೆ ಕ್ಲೇಮ್ ಇಲ್ಲ." ಅನ್‌ಬಾಕ್ಸಿಂಗ್ ವಿಡಿಯೋದಲ್ಲಿ ಹೊಟ್ಟೆಯೊಳಗಿನ ಹಸಿ ರೆಸಿನ್ ಕಾಣುತ್ತದಾ? ಅದಾದ ಮೇಲೆ "ನಾನು ಅಂಗಡಿಯವನಲ್ಲ ಬ್ರೋ, ನಾನೂ ನಿಮ್ಮಂಗೆ ಹವ್ಯಾಸಿ, ಹವ್ಯಾಸಿಗೆ ಹವ್ಯಾಸಿ ಸಪೋರ್ಟ್ ಮಾಡ್ಬೇಕು." ಕೊನೆಗೆ ಒಂದು ಆಫರ್: ಮುಂದಿನ ಆರ್ಡರಿಗೆ 20 ಪರ್ಸೆಂಟ್ ಕಡಿಮೆ. ಅದಕ್ಕೆ ನಾನು ಬರೆದದ್ದನ್ನು ಇಲ್ಲಿ ಹಾಕುವುದು ಬೇಡ. ಬ್ಲಾಕ್ ಮಾಡಿದ.

ಉಳಿದ ಐದನ್ನು ಬಿಸಿಲಿಗೆ ಇಡಲಿಲ್ಲ, ಆದರೂ ಅವುಗಳ ತಳದಲ್ಲಿ ಜಿನುಗು ಕಾಣಿಸಿತು. ಒಂದಕ್ಕೆ ಆಗಲೇ ಆಲಿವ್ ಡ್ರ್ಯಾಬ್ (ಸೇನೆಯ ಹಸಿರು) ಬಣ್ಣ ಹೊಡೆದು, ವಾಶ್ (ನೀರಾದ ತೆಳು ಬಣ್ಣ) ಹಾಕಿ, ಸ್ಪಂಜಿನಿಂದ ಅಂಚುಗಳ ಬಣ್ಣ ಕಿತ್ತುಹೋದ ಹಾಗೆ ಮಾಡಿ, ಟ್ರ್ಯಾಕಿಗೆ ಹಿಮ ಹಚ್ಚಿದ್ದೆ. ನನ್ನ ಕೈಯಿಂದ ಬಂದ ಟ್ಯಾಂಕುಗಳಲ್ಲೇ ಚೆನ್ನಾಗಿ ಬಂದದ್ದು ಅದು. ಅದರ ಟರೆಟ್ ಕೆಳಗಿನಿಂದಲೂ ಸೋರಿ, ಬಣ್ಣ ಗುಳ್ಳೆ ಎದ್ದು ಸಿಪ್ಪೆಯಾಗಿ ಬಂತು.

ಮಡಿಕೇರಿಗೆ ಹೋದೆವು. ಹಿಮದ ಕಣಿವೆ, ಬಂಡೆ, ಬಂಕರು, ಗೂರ್ಖಾ ಸೈನಿಕರು ಎಲ್ಲ ಇದ್ದರು. ಗೆಳೆಯನ ತಂದೆ ಕನ್ನಡಕ ಹಾಕಿಕೊಂಡು ಮೇಜಿನ ಸುತ್ತ ಒಂದು ಸುತ್ತು ಬಂದರು. "ಎಲ್ಲ ಚಂದ ಉಂಟು ಮಾರಾಯಾ, ಟ್ಯಾಂಕ್ ಎಲ್ಲಿ?" ಅಂದರು. ನನಗೆ ಬಾಯಿ ಬರಲಿಲ್ಲ. ಜೋಜಿ ಲಾದಲ್ಲಿ ಟ್ಯಾಂಕ್ ಇಲ್ಲ ಅಂದರೆ ಇನ್ನೇನಿದೆ? ಬದಲಿಗೆ ಇಟ್ಟಿದ್ದ ರಟ್ಟಿನ ತುಂಡುಗಳನ್ನು ಗೆಳೆಯ ತೋರಿಸಿದ. ಅವರು ಏನೂ ಅನ್ನಲಿಲ್ಲ, ಕೂತರು, ಆಟ ಪೂರ್ತಿ ನೋಡಿದರು. ಅವರ ಎದುರು ರಟ್ಟು ತಳ್ಳುತ್ತಾ ಆಡಿದ ಅವಮಾನಕ್ಕೆ ಯಾವ ರೀಫಂಡ್ ಕೊಡುತ್ತಾನೆ ಅವನು?

ಪ್ರಿಂಟ್ ರೆಸಿನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಸರಿಯಾಗಿ ತೊಳೆದು ಕ್ಯೂರ್ ಮಾಡಿದ ಪ್ರಿಂಟ್ ಅಚ್ಚುಕಟ್ಟಾಗಿಯೇ ಇರುತ್ತದೆ, ಅದನ್ನು ಪ್ರಿಂಟ್ ಅಂತ ಹೇಳಿ ಪ್ರಿಂಟಿನ ಬೆಲೆಗೆ ಮಾರಲಿ. ಕ್ಯಾಸ್ಟಿಂಗಾ ಪ್ರಿಂಟಾ ಅಂತ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ. ತಳದ ಫೋಟೋ ಕೇಳಿ, ಪೊಳ್ಳಾಗಿದ್ದರೆ ತೂತು ಇರಲೇಬೇಕು. ತಕ್ಕಡಿಯ ಮೇಲೆ ಇಟ್ಟ ಫೋಟೋ ಕೇಳಿ, ಕೊಡಲು ಮೀನಮೇಷ ಎಣಿಸಿದರೆ ಅಲ್ಲಿಗೇ ಬಿಡಿ. ಪೂರ್ತಿ ಮುಂಗಡ ಯಾರಿಗೂ ಬೇಡ. ವಾಯ್ಸ್ ಮೆಸೇಜ್ ಬಂದ ಕೂಡಲೇ ಇನ್ನೊಬ್ಬರಿಗೆ ಫಾರ್ವರ್ಡ್ ಮಾಡಿ. ಯುಪಿಐ ದುಡ್ಡು ಬ್ಯಾಂಕಿನಿಂದ ವಾಪಸ್ ಬರುತ್ತದೆ ಅಂತ ಕಾಯಬೇಡಿ, ನೀವೇ ಪಿನ್ ಹಾಕಿ ಕಳಿಸಿದ್ದಲ್ವಾ ಅಂತಾರೆ, ನನಗೂ ಹಾಗೇ ಅಂದರು. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. 2019ರ ಕಾಯ್ದೆಯ ಪ್ರಕಾರ ನೀವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷದವರೆಗೆ ಶುಲ್ಕವೂ ಇಲ್ಲ. ಅವನ ಊರಿಗೆ ಅಲೆಯಬೇಕಾಗಿಲ್ಲ. ಪಾರ್ಸೆಲ್ ಮೇಲಿನ ವಿಳಾಸದ ಚೀಟಿ ಮಾತ್ರ ಬಿಸಾಡಬೇಡಿ, ನೋಟಿಸ್ ಕಳಿಸಲು ಅದೇ ಬೇಕು.

ಇಂಥ ಟ್ಯಾಂಕ್ ನಿಮ್ಮ ಮನೆಗೆ ಆಗಲೇ ಬಂದಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಸೋರಿದ್ದನ್ನು ಸಿಂಕಿಗೆ ತೊಳೆದು ಬಿಡಬೇಡಿ, ಟಿಶ್ಯೂನಲ್ಲಿ ಒರೆಸಿ ಆ ಟಿಶ್ಯೂವನ್ನು ಬಿಸಿಲಿನಲ್ಲಿ ಗಟ್ಟಿ ಮಾಡಿ ಆಮೇಲೆ ಎಸೆಯಿರಿ.

ನಿನ್ನೆ ಇನ್ನೊಬ್ಬ ಗೆಳೆಯ ಒಂದು ಸ್ಕ್ರೀನ್‌ಶಾಟ್ ಕಳಿಸಿದ. ಹೊಸ ಹೆಸರು, ಹೊಸ ನಂಬರು. ಈ ಸಲ ಸೆಂಚುರಿಯನ್ ಟ್ಯಾಂಕ್, 1965ರ ಭಾರತ-ಪಾಕ್ ಯುದ್ಧದ ಅಸಲ್ ಉತ್ತರ್ ಕದನಕ್ಕೆ ಅಂತ, ಒಂದಕ್ಕೆ 3,200, ಪೂರ್ತಿ ಮುಂಗಡ. ಕೆಳಗೆ ಬರೆದಿದೆ: "ಪಿಯು ರೆಸಿನ್, ಸಿಲಿಕಾನ್ ಮೋಲ್ಡ್ ಕ್ಯಾಸ್ಟಿಂಗ್ ಬ್ರೋ." ಕಳಿಸಬೇಡಿ. ಅವನಿಗೆ ಇನ್ನೊಂದು ರೂಪಾಯಿ ಕಳಿಸಬೇಡಿ.