ಎಲ್ಲ ಬಣದವರಿಗೂ ಬ್ಯಾನರ್ ಮಾಡುವ ಹುಬ್ಬಳ್ಳಿಯ ಅಂಗಡಿ

ಹೆಸರು ಹಾಕಬ್ಯಾಡ್ರಿ ಅನ್ನೋದು ಅಂಗಡಿಯವರ ಷರತ್ತು. ಎಲ್ಲ ಪಕ್ಷದವರೂ, ಒಂದೇ ಪಕ್ಷದೊಳಗಿನ ಎಲ್ಲ ಬಣದವರೂ ಇಲ್ಲಿಗೇ ಬರ್ತಾರೆ. ಯಾರೋ ಹೊಗಳಿದರೆ ಇನ್ಯಾರೋ ಮುನಿಸಿಕೊಳ್ಳೋ ಧಂದೆ ಇದು. ದುರ್ಗದಬೈಲಿನಿಂದ ನಡೆದು ಹೋಗುವಷ್ಟು ಹತ್ತಿರ; ಬ್ಯಾನರ್, ಶಾಲು, ಬಾವುಟ, ಬಂಟಿಂಗ್ಸ್ ಎಲ್ಲ ಒಂದೇ ಕಡೆ.

ಪ್ರಿಂಟ್ ಚೊಲೋ ಇದೆ. ಆದರೆ ಅಷ್ಟು ಚೊಲೋ ಹೊಡೆಯುವವರು ಊರಲ್ಲಿ ಇನ್ನೂ ನಾಲ್ಕು ಮಂದಿ ಸಿಗ್ತಾರೆ. ಗದಗ, ರಾಣೆಬೆನ್ನೂರಿನ ಕಾರ್ಯಕರ್ತರು ಬಸ್ ಹತ್ತಿ ಇಲ್ಲಿಗೆ ಬರುವುದು ಬೇರೆ ಕಾರಣಕ್ಕೆ. ಯಾರ ಮುಖದ ಪಕ್ಕ ಯಾರ ಮುಖ ಕೂಡಿಸಬಾರದು ಅನ್ನೋದು ಇಲ್ಲಿನ ಡಿಸೈನರ್‌ಗೆ ಬಾಯಿಪಾಠ.

10 ಅಡಿ ಅಗಲ, 8 ಅಡಿ ಎತ್ತರದ ಬ್ಯಾನರ್ ಹಿಡಿಯಿರಿ. ಮೇಲಿನ ಒಂದೂವರೆ ಅಡಿ ಪಟ್ಟಿ ವರಿಷ್ಠರಿಗೆ, ಬಲಕ್ಕೆ ಕಾರ್ಯಕ್ರಮದ ನಾಯಕರ ದೊಡ್ಡ ಫೋಟೊ, ಕೆಳಗೆ ಸ್ವಾಗತ ಕೋರುವವರ ಸಾಲು. ಜಗಳ ಹುಟ್ಟುವುದು ಮೇಲಿನ ಪಟ್ಟಿಯಲ್ಲೇ. ಯಾರನ್ನೂ ಬಿಡಬಾರದು ಅಂತ 14 ಮುಖ ತುಂಬಿದರೆ ಒಬ್ಬೊಬ್ಬರಿಗೆ ಎಂಟೂವರೆ ಇಂಚು ಅಗಲ ಸಿಗುತ್ತದೆ. ರಸ್ತೆಯ ಆಚೆ ನಿಂತವರಿಗೆ ಯಾರು ಯಾರೆಂದು ತಿಳಿಯುವುದಿಲ್ಲ. ಎಂಟಕ್ಕೆ ನಿಲ್ಲಿಸಿ ಎಂದು ಇವರು ಮೊದಲೇ ಹೇಳುತ್ತಾರೆ. ಆ ಎಂಟರಲ್ಲಿ ಯಾರು ಅನ್ನೋದನ್ನು ಮಾತ್ರ ಗಿರಾಕಿಯೇ ಬರೆದು ಕೊಡಬೇಕು, ಬಾಯಿಮಾತು ನಡೆಯುವುದಿಲ್ಲ.

ಅಳತೆಯಲ್ಲಿ ಇವರ ಕೈಚಳಕ ಕಾಣುತ್ತದೆ. ಚೌಕಟ್ಟು ಸಮ ಇದ್ದರೆ ಮುಖ ಸಮ ಆಗುವುದಿಲ್ಲ. ಒಬ್ಬರದು ಎದೆಮಟ್ಟದ ಫೋಟೊ, ಇನ್ನೊಬ್ಬರದು ಕುತ್ತಿಗೆವರೆಗೆ ಇರುತ್ತದೆ, ಪಕ್ಕಪಕ್ಕ ಇಟ್ಟರೆ ಒಬ್ಬರು ಚಿಕ್ಕವರಾಗಿ ಬಿಡ್ತಾರೆ. ಅದಕ್ಕೆ ಗದ್ದದಿಂದ ಹುಬ್ಬಿನವರೆಗೆ ಅಳೆದು ಕೂಡಿಸುತ್ತಾರೆ. ತಲೆಯವರೆಗೆ ಅಳೆದರೆ ಪೇಟ, ಟೋಪಿ ಹಾಕಿದವರ ಮುಖ ಕುಗ್ಗುತ್ತದೆ. ಒಂದೇ ಪಕ್ಷದ ಇಬ್ಬರು ಸಮಬಲದ ನಾಯಕರಿದ್ದಾಗ ಈ ಹುಬ್ಬಿನ ಲೆಕ್ಕ ತಪ್ಪಿದರೆ ಸಭೆಗೆ ಮೊದಲೇ ಬ್ಯಾನರ್ ಹರಿಯುತ್ತದೆ.

ಎರಡನೆಯದು ಶಾಲಿನ ತಾಪತ್ರಯ. ನಾಯಕರ ಕಡೆಯವರು ಕೊಡುವ ಫೋಟೊದಲ್ಲಿ ಹೆಗಲ ಮೇಲೆ ಪಕ್ಷದ ಶಾಲು ಇದ್ದೇ ಇರುತ್ತದೆ. ಪಕ್ಷ ಬದಲಾದರೆ ಕಂಪ್ಯೂಟರಿನಲ್ಲಿ ಶಾಲಿನ ಬಣ್ಣ ಬದಲಿಸುವುದು ಎರಡು ನಿಮಿಷದ ಕೆಲಸ ಅಂದುಕೊಳ್ಳಬೇಡಿ. ಕೇಸರಿಯ ಛಾಯೆ ಗದ್ದದ ಕೆಳಗೆ, ಬಿಳಿ ಅಂಗಿಯ ಕಾಲರಿಗೆ ಬಿದ್ದಿರುತ್ತದೆ. ಶಾಲು ಮೂರು ಬಣ್ಣ ಆದರೂ ಕುತ್ತಿಗೆ ಹಳೇ ಪಕ್ಷದಲ್ಲೇ ಉಳಿಯುತ್ತದೆ. ಶಾಲಿಲ್ಲದ, ಬರೀ ಬಿಳಿ ಅಂಗಿಯ ಫೋಟೊ ಒಂದನ್ನು ಎಲ್ಲರಿಂದಲೂ ಇವರು ಕೇಳಿ ಇಟ್ಟುಕೊಳ್ಳುವುದು ಇದಕ್ಕೇ. ಜಗದೀಶ ಶೆಟ್ಟರ್ 2023ರ ಏಪ್ರಿಲ್ 17ಕ್ಕೆ ಕಾಂಗ್ರೆಸ್ ಸೇರಿದರು, 2024ರ ಜನವರಿ 25ಕ್ಕೆ ಬಿಜೆಪಿಗೆ ಮರಳಿದರು. ನಡುವೆ ಒಂಬತ್ತು ತಿಂಗಳು. ಹುಬ್ಬಳ್ಳಿಯಲ್ಲಿ ಅಂಥ ಹೊತ್ತಲ್ಲಿ ಕೈಗೆ ಬರುವುದು ಆ ಬಿಳಿ ಅಂಗಿಯ ಫೋಟೊನೇ.

ಹಾವೇರಿ ಜಿಲ್ಲೆಯ ಕೆಲಸ ಇನ್ನೂ ಬಿಗಿ. ಯಡಿಯೂರಪ್ಪ ಬಿಜೆಪಿ ಬಿಟ್ಟು 2012ರ ಡಿಸೆಂಬರ್ 9ಕ್ಕೆ ತಮ್ಮ ಹೊಸ ಪಕ್ಷ ಕೆಜೆಪಿಯ ಸಮಾವೇಶ ಮಾಡಿದ್ದು ಹಾವೇರಿಯಲ್ಲೇ. 2013ರ ವಿಧಾನಸಭಾ ಚುನಾವಣೆಯಲ್ಲಿ ಕೆಜೆಪಿಯ ತೆಂಗಿನಕಾಯಿ ಚಿಹ್ನೆಗೆ ಬಂದದ್ದು 6 ಸ್ಥಾನ, ಒಡೆದ ಬಿಜೆಪಿಗೆ 40. 2014ರ ಜನವರಿಗೆ ಮತ್ತೆ ಎಲ್ಲ ಒಂದಾಯಿತು. ಆದರೆ ಯಾರು ಹೋದರು, ಯಾರು ಉಳಿದರು ಅನ್ನೋ ಪಟ್ಟಿ ಕಾರ್ಯಕರ್ತರ ತಲೆಯಲ್ಲಿ ಹಾಗೇ ಇದೆ. ಸಿ.ಎಂ. ಉದಾಸಿ ಹೋದರು, ಬಸವರಾಜ ಬೊಮ್ಮಾಯಿ ಉಳಿದರು. ಹಿರೇಕೆರೂರಂತೂ ಡಿಸೈನರ್‌ಗಳಿಗೆ ಪರೀಕ್ಷೆ: 2018ರಲ್ಲಿ ಬಿ.ಸಿ. ಪಾಟೀಲ ಕಾಂಗ್ರೆಸ್, ಯು.ಬಿ. ಬಣಕಾರ ಬಿಜೆಪಿ, ಅಂತರ 555 ಮತ. 2023ರಲ್ಲಿ ಪಾಟೀಲ ಬಿಜೆಪಿ, ಬಣಕಾರ ಕಾಂಗ್ರೆಸ್. ಮುಖ ಅವೇ ಎರಡು, ಶಾಲು ಅದಲುಬದಲು. ಹಳೇ ಫೈಲು ತೆಗೆದು ಇಸವಿ ಮಾತ್ರ ತಿದ್ದಿದವರು ಕೆಟ್ಟರು.

ಬಂಡಾಯ ಅಭ್ಯರ್ಥಿಯ ಕೆಲಸಕ್ಕೆ ಮುಂಗಡ ಪೂರಾ ತಗೊಳ್ತಾರೆ, ಅದು ಸರಿ ಕೂಡ. ನಾಮಪತ್ರ ವಾಪಸಾತಿ ಮುಗಿದ ಮೇಲೆ ಪಕ್ಷೇತರರಿಗೆ ಚಿಹ್ನೆ ಸಿಗುವುದು. ಅಲ್ಲಿಂದ ಮತದಾನಕ್ಕೆ ಎರಡು ವಾರ ಮಾತ್ರ. ಮೊದಲೇ ಹೊಡೆಸಿದರೆ ಚಿಹ್ನೆಯ ಜಾಗ ಖಾಲಿ. 2024ರ ಶಿಗ್ಗಾವಿ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಅಜ್ಜಂಪೀರ್ ಖಾದ್ರಿ ಬಂಡಾಯ ಎದ್ದು ನಾಮಪತ್ರ ಹಾಕಿ, ಆಮೇಲೆ ವಾಪಸ್ ತಗೊಂಡರು. ಹೊಡೆಸಿಟ್ಟ ಮಾಲು ಹೀಗೆ ಒಂದೇ ದಿನಕ್ಕೆ ರದ್ದಿ ಆಗಬಹುದು.

ಶಾಲಿನ ಲೆಕ್ಕ ಇಷ್ಟೇ. 44 ಇಂಚು ಪನ್ನದ ಬಟ್ಟೆಯಲ್ಲಿ ಅಗಲಕ್ಕೆ ಮೂರು ಶಾಲು, ಉದ್ದ ಎರಡು ಮೀಟರ್. ನೂರು ಶಾಲಿಗೆ 68 ಮೀಟರ್, ಕತ್ತರಿಯ ನಷ್ಟ ಸೇರಿ 70 ಹಿಡಿಯಿರಿ. ಅಗ್ಗದ ಬಟ್ಟೆ ಬೇಡ, ಬೆವರಿಗೆ ಬಣ್ಣ ಬಿಟ್ಟು ಪಕ್ಷಕ್ಕೆ ಸೇರ್ಪಡೆಯಾದವರ ಅಂಗಿ ಕೆಡುತ್ತದೆ. ಬೆಂಗೇರಿಯ ಖಾದಿ ಸಂಘದ ರಾಷ್ಟ್ರಧ್ವಜಕ್ಕೆ ನೂಲಿನಿಂದ ಹೊಲಿಗೆವರೆಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನಿಯಮ ಉಂಟು, ಪಕ್ಷದ ಶಾಲಿಗೆ ಅಂಥದ್ದೇನೂ ಇಲ್ಲ. ಕೈಯಿಂದ ಉಜ್ಜಿ ನೋಡಿಯೇ ತಗೊಳ್ಳಬೇಕು.

ಕೊರತೆಗಳೂ ಇವೆ. ಕೇಸರಿ ಬಣ್ಣ ಪರದೆಯಲ್ಲಿ ಕಂಡಂತೆ ಬರುವುದಿಲ್ಲ, ಬಟ್ಟೆಯ ಮೇಲೆ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಒಂದು ಅಡಿ ತುಂಡು ಹೊಡೆಸಿ ನೋಡಿದ ಮೇಲೆಯೇ ಪೂರ್ತಿ ಕೊಡಿ. ರಾತ್ರಿ ಹತ್ತರ ನಂತರ ತಿದ್ದುಪಡಿ ಅಂದರೆ ದರ ಜಾಸ್ತಿ. ಪ್ಲಾಸ್ಟಿಕ್ ಫ್ಲೆಕ್ಸ್ ರಾಜ್ಯದಲ್ಲಿ 2016ರಿಂದ ನಿಷೇಧ, ಆದರೂ ಕೇಳುವ ಗಿರಾಕಿಗಳಿದ್ದಾರೆ. ಇವರು ಬಟ್ಟೆಯದ್ದೇ ಮಾಡುತ್ತಾರೆ, ಆದರೆ ನಾಲ್ಕು ಮೂಲೆಗೆ ಮಾತ್ರ ಹಗ್ಗ ಕಟ್ಟುವ ರಿಂಗ್ ಹಾಕ್ತಾರೆ. ಗಾಳಿಗೆ ನಡು ಉಬ್ಬಿ ಹರಿಯುತ್ತದೆ, ಎರಡು ಅಡಿಗೊಂದು ರಿಂಗ್ ಕೇಳಿ ಹಾಕಿಸಿಕೊಳ್ಳಿ. ಚುನಾವಣೆ ಹೊತ್ತಲ್ಲಿ ಕರಪತ್ರ, ಪೋಸ್ಟರಿನ ಮೇಲೆ ಮುದ್ರಕರ, ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮು ಅದು, ತಪ್ಪಿದರೆ ಆರು ತಿಂಗಳವರೆಗೆ ಜೈಲು. ಇದರಲ್ಲಿ ಮಾತ್ರ ಅಂಗಡಿಯವರು ಯಾವ ಸಾಹೇಬರ ಮಾತೂ ಕೇಳುವುದಿಲ್ಲ.

ಕೆಲಸ ಮುಗಿದ ಮೇಲೆ ಲೇಯರ್ (ಪದರ) ಇರುವ ಮೂಲ ಫೈಲು ಕೇಳಿ, ಕೊಡುತ್ತಾರೆ. ಅದರಲ್ಲಿ ಒಬ್ಬೊಬ್ಬರ ಮುಖ ಒಂದೊಂದು ಲೇಯರ್. 2025ರ ಮಾರ್ಚ್‌ನಲ್ಲಿ ಬಿಜೆಪಿ ಯತ್ನಾಳರನ್ನು ಆರು ವರ್ಷ ಉಚ್ಚಾಟಿಸಿತು ನೋಡಿ, ಅಂಥ ಸುದ್ದಿ ಬಂದ ದಿನ ಕೂಡ ಇಲ್ಲಿ ಯಾವ ಲೇಯರನ್ನೂ ಡಿಲೀಟ್ ಮಾಡುವ ರೂಢಿ ಇಲ್ಲ. ಪಕ್ಕದಲ್ಲಿರುವ ಕಣ್ಣಿನ ಗುರುತು ಒತ್ತಿ ಮರೆ ಮಾಡಿಡ್ತಾರೆ, ಅಷ್ಟೇ.