ಮೊದಲು ನೆಲ, ಆಮೇಲೆ ಉಯ್ಯಾಲೆ: ಪಾಲೋ ಆಲ್ಟೋದ ಮ್ಯಾಜಿಕಲ್ ಬ್ರಿಡ್ಜ್ ಆಟದ ಅಂಗಳ

ಕಳೆದ ಬೇಸಿಗೆ ರಜೆಯಲ್ಲಿ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿರುವ ತಂಗಿಯ ಮನೆಯಲ್ಲಿ ಐದು ವಾರ ಇದ್ದಾಗ, ಅಲ್ಲಿಂದ ಹೆಚ್ಚು ದೂರವಿಲ್ಲದ ಪಾಲೋ ಆಲ್ಟೋ ನಗರದ ಮಿಚೆಲ್ ಪಾರ್ಕಿನಲ್ಲಿರುವ ಮ್ಯಾಜಿಕಲ್ ಬ್ರಿಡ್ಜ್ ಎಂಬ ಮಕ್ಕಳ ಆಟದ ಅಂಗಳಕ್ಕೆ ನಾವು ನಾಲ್ಕು ಬಾರಿ ಹೋದೆವು. ನಾವು ಎಂದರೆ ನಾನು, ನನ್ನ ಏಳು ವರ್ಷದ ಮಗಳು, ತಂಗಿ, ಗಾಲಿಕುರ್ಚಿ ಬಳಸುವ ಅವಳ ಒಂಬತ್ತು ವರ್ಷದ ಮಗ, ಜೊತೆಗೆ ಮೊಣಕಾಲು ನೋವಿನ ನಮ್ಮ ಅಮ್ಮ. ಈ ಐವರೂ ಒಂದೇ ಪಾರ್ಕಿನಲ್ಲಿ, ಯಾರೊಬ್ಬರೂ ಬೆಂಚಿನ ಮೇಲೆ ಕುಳಿತು ಉಳಿದವರ ಆಟ ನೋಡುವ ಪಾಳಿಗೆ ಸಿಕ್ಕಿಕೊಳ್ಳದೆ ಒಂದೂವರೆ ಗಂಟೆ ಕಳೆದದ್ದು ನನಗೆ ನೆನಪಿರುವ ಮಟ್ಟಿಗೆ ಅದೇ ಮೊದಲು. ಅದು ಹೇಗೆ ಸಾಧ್ಯವಾಯಿತು ಎಂಬುದನ್ನು, ನಮ್ಮ ನಗರಗಳಲ್ಲಿ ಪಾರ್ಕು ಕಟ್ಟಿಸುವವರಿಗೂ ಉಪಯೋಗಕ್ಕೆ ಬರಲೆಂದು, ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಅಂಗಳದ ಹಿನ್ನೆಲೆ ಚಿಕ್ಕದಾಗಿ ಹೀಗಿದೆ. ಪಾಲೋ ಆಲ್ಟೋದ ನಿವಾಸಿ ಒಲೆಂಕಾ ವಿಲ್ಲರಿಯಲ್ ಅವರ ಮಗಳಿಗೆ ಅಂಗವೈಕಲ್ಯವಿತ್ತು. ಆ ಮಗು ಉಯ್ಯಾಲೆಯಾಡಬಲ್ಲ ಸಾರ್ವಜನಿಕ ಜಾಗ ಊರಿನಲ್ಲಿ ಸಿಗದಿದ್ದಾಗ ಅವರು ನಗರಾಡಳಿತದ ಬಾಗಿಲು ತಟ್ಟಿದರು. ನಗರವು ಪಾರ್ಕಿನೊಳಗೆ ಜಾಗ ಬಿಟ್ಟುಕೊಟ್ಟಿತು. ಹಣವನ್ನು ಬಹುಪಾಲು ದಾನಿಗಳಿಂದ ಕೂಡಿಸಬೇಕಾಯಿತು. ಸುಮಾರು 40 ಲಕ್ಷ ಡಾಲರ್ ವೆಚ್ಚದಲ್ಲಿ ಸಿದ್ಧವಾದ ಅಂಗಳ 2015ರ ಏಪ್ರಿಲ್‌ನಲ್ಲಿ ತೆರೆಯಿತು. ಪ್ರವೇಶಕ್ಕೆ ಶುಲ್ಕವಿಲ್ಲ. ಅದೇ ಮಾದರಿಯಲ್ಲಿ 2020ರಲ್ಲಿ ರೆಡ್‌ವುಡ್ ಸಿಟಿಯಲ್ಲೂ ಆಮೇಲೆ ಸನಿವೇಲ್‌ನಲ್ಲೂ ಅಂಗಳಗಳು ಬಂದಿವೆ. ತಂಗಿಯ ಮನೆಗೆ ಸನಿವೇಲ್‌ನದೇ ಹತ್ತಿರವಾದರೂ, ಮೂಲವನ್ನು ನೋಡಬೇಕೆಂಬ ನನ್ನ ಹಟಕ್ಕೆ ಅವಳು ಕಾರು ತೆಗೆದಳು.

ಒಳಗೆ ಕಾಲಿಟ್ಟಾಗ ಕಣ್ಣು ಸಹಜವಾಗಿ ಬಣ್ಣಬಣ್ಣದ ಸಲಕರಣೆಗಳ ಕಡೆಗೇ ಹೋಗುತ್ತದೆ. ಆದರೆ ಇಡೀ ಅಂಗಳದಲ್ಲಿ ಅತ್ಯಂತ ಬೆಲೆಬಾಳುವ ವಸ್ತು ಯಾವುದೆಂದು ನನ್ನನ್ನು ಕೇಳಿದರೆ, ನಾನು ತೋರಿಸುವುದು ನೆಲವನ್ನು. ರಬ್ಬರಿನ ತುಣುಕುಗಳನ್ನು ಅಂಟಿನೊಡನೆ ಬೆರೆಸಿ ಸ್ಥಳದಲ್ಲೇ ಎರಕ ಹೊಯ್ದ, ಸಂದಿಯಿಲ್ಲದ ನೆಲ ಅದು. ಮಗು ಬಿದ್ದರೆ ಪೆಟ್ಟನ್ನು ತಗ್ಗಿಸುವಷ್ಟು ಮೆದು, ಗಾಲಿ ಹೂತುಹೋಗದಷ್ಟು ಗಟ್ಟಿ. ಮರಳು ಮೊದಲ ಗುಣವನ್ನು ಕೊಡುತ್ತದೆ, ಎರಡನೆಯದನ್ನು ಕೊಡುವುದಿಲ್ಲ. ಸಿಮೆಂಟು ಇದಕ್ಕೆ ತದ್ವಿರುದ್ಧ. ಅಮೆರಿಕದ ಅನೇಕ ಪಾರ್ಕುಗಳಲ್ಲಿ ಹರಡುವ ಮರದ ಚಕ್ಕೆಗೆ ಕಾನೂನಿನ ಒಪ್ಪಿಗೆ ಇದೆಯಾದರೂ, ಮಕ್ಕಳ ಓಡಾಟಕ್ಕೆ ಅದು ಉಯ್ಯಾಲೆಯ ಕೆಳಗೆ, ಜಾರುಬಂಡೆಯ ಬುಡದಲ್ಲಿ ಚದುರಿ ಗುಂಡಿ ಬೀಳುತ್ತದೆ. ದಿನವೂ ಸಮ ಮಾಡದಿದ್ದರೆ ಗಾಲಿಕುರ್ಚಿಯ ಮುಂದಿನ ಚಿಕ್ಕ ಚಕ್ರ ಅಲ್ಲಿಯೇ ಕಚ್ಚಿಕೊಳ್ಳುತ್ತದೆ. ಇಲ್ಲಿ ತಂಗಿಯ ಮಗ ಬಾಗಿಲಿನಿಂದ ಉಯ್ಯಾಲೆಯವರೆಗೆ ತಾನೇ ಕುರ್ಚಿ ತಳ್ಳಿಕೊಂಡು ಹೋದ. ಹಿಂದೆ ಹೋಗಿ ಹಿಡಿಯಲು ಎದ್ದ ನಾನು ಏನು ಮಾಡಬೇಕೆಂದು ತೋಚದೆ ನೀರಿನ ಬಾಟಲಿ ಹಿಡಿದು ನಿಂತೆ.

ಎರಡು ಅಂತಸ್ತಿನ ಮರದಮನೆ ಈ ಅಂಗಳದ ಹೆಗ್ಗುರುತು. ಗಾಲಿಕುರ್ಚಿಯಲ್ಲಿಯೇ ಅದರ ಮೇಲಂತಸ್ತಿಗೆ ಹೋಗಬಹುದು. ಇದರ ಬೆಲೆ ಏನೆಂದು ತಿಳಿಯಲು ಸಣ್ಣ ಲೆಕ್ಕವೊಂದು ಸಾಕು. ಅಮೆರಿಕದ ಅಂಗವಿಕಲರ ಕಾಯ್ದೆಯ 2010ರ ಮಾನದಂಡದಂತೆ ಇಳಿಜಾರು 12 ಅಡಿ ಉದ್ದಕ್ಕೆ ಒಂದು ಅಡಿಗಿಂತ ಹೆಚ್ಚು ಏರಬಾರದು. ಆಟದ ಕಟ್ಟಡದ ಮೇಲಾದರೆ ಪ್ರತಿ ಒಂದು ಅಡಿ ಏರಿಕೆಯ ನಂತರ ಸಮತಟ್ಟಾದ ತಂಗುಕಟ್ಟೆ ಬರಬೇಕು. ಆರು ಅಡಿ ಎತ್ತರದ ಅಟ್ಟಕ್ಕೆ ಹೀಗೆ ಇಳಿಜಾರೇ 72 ಅಡಿ, ನಡುವಿನ ಐದು ತಂಗುಕಟ್ಟೆಗಳು ತಲಾ ಐದು ಅಡಿಯಂತೆ 25 ಅಡಿ, ಒಟ್ಟು ನೂರು ಅಡಿಯ ಹತ್ತಿರ. ಇಷ್ಟು ಜಾಗವನ್ನೂ ಹಣವನ್ನೂ ಉಳಿಸುವ ಒಂದು ದಾರಿಯನ್ನು ಅದೇ ಮಾನದಂಡವು ಹಲವು ಕಡೆ ಬಿಟ್ಟುಕೊಡುತ್ತದೆ. ನೆಲದಿಂದ 11ರಿಂದ 18 ಇಂಚು ಎತ್ತರದ ಒಂದು ಹಲಗೆ ಇಟ್ಟರೆ ಆಯಿತು. ಮಗು ಕುರ್ಚಿಯಿಂದ ಅದರ ಮೇಲೆ ಸರಿದುಕೊಂಡು, ಮುಂದಿನ ಮೆಟ್ಟಿಲುಗಳನ್ನು ಕೈಯೂರಿ ತೆವಳುತ್ತಾ ಏರಬೇಕು. ಕಾಗದದ ಮೇಲೆ ಇದೂ ಪ್ರವೇಶಾವಕಾಶವೇ. ಒಂಬತ್ತು ವರ್ಷದ ಹುಡುಗ ಓರಗೆಯವರ ಕಾಲುಗಳ ನಡುವೆ ತೆವಳುವುದನ್ನು ನೋಡಿದ ಯಾವ ತಾಯಿಯೂ ಅದನ್ನು ಹಾಗೆ ಕರೆಯಲಾರಳು. ನಿಯಮ ಪಾಲಿಸಿದ ಅಂಗಳಕ್ಕೂ ಎಲ್ಲರನ್ನೂ ಒಳಗೊಂಡ ಅಂಗಳಕ್ಕೂ ಇರುವ ಅಂತರವನ್ನು ಮಾತಿನಲ್ಲಿ ವಿವರಿಸುವುದಕ್ಕಿಂತ ಆ ಹಲಗೆಯನ್ನೂ ಈ ಇಳಿಜಾರನ್ನೂ ಅಕ್ಕಪಕ್ಕ ಇಟ್ಟು ತೋರಿಸುವುದು ಸುಲಭ.

ಇಳಿಜಾರಿನ ಬುಡದಲ್ಲಿ ನಿಂತ ಅಮ್ಮ, "ಇದರ ಮೇಲೆ ನಾನೂ ಹತ್ತಬಹುದೇನೇ?" ಎಂದು ತಂಗಿಯನ್ನು ಕೇಳಿದರು. "ಹತ್ತಮ್ಮ, ಒಂದೂ ಮೆಟ್ಟಿಲಿಲ್ಲ" ಎಂದಳು ಅವಳು. ಮರದಮನೆಯ ಮೇಲಿಂದ ಮೊಮ್ಮಗನೊಡನೆ ಕೈಬೀಸಿದ ಅಮ್ಮನ ಫೋಟೋ ಈಗ ಬೆಂಗಳೂರಿನ ಮನೆಯ ಫ್ರಿಜ್ಜಿನ ಬಾಗಿಲಲ್ಲಿದೆ.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಮಾತ್ರ ಜಾರುಬಂಡೆಯ ಕೊನೆ. ನಡೆಯಲಾಗದ ಮಗು ಜಾರಿ ಕೆಳಗೆ ಬಂದ ಮೇಲೆ ಏನಾಗುತ್ತದೆ ಎಂದು ಸಾಮಾನ್ಯ ವಿನ್ಯಾಸಕಾರರು ಯೋಚಿಸುವುದಿಲ್ಲ. ಕುರ್ಚಿ ಮೇಲೆಯೇ ಉಳಿದಿರುತ್ತದೆ. ಹಿಂದಿನಿಂದ ಇನ್ನೊಂದು ಮಗು ಜಾರಿಬರುತ್ತಿರುತ್ತದೆ. ಕೆಳಗಿದ್ದವರು ಓಡಿಬಂದು ಕಂಕುಳಿಗೆ ಕೈಹಾಕಿ ಎಳೆಯುತ್ತಾರೆ. ಇಲ್ಲಿ ಜಾರುಬಂಡೆಯ ಬುಡದ ಪಕ್ಕಕ್ಕೆ ಒಂದು ಆಸನ ಕೊಟ್ಟಿದ್ದಾರೆ. ಇಳಿದ ಮಗು ದಾರಿಯಿಂದ ಪಕ್ಕಕ್ಕೆ ಸರಿದು, ಯಾರಾದರೂ ಕುರ್ಚಿ ತರುವವರೆಗೆ ಎಲ್ಲರಂತೆ ಕುಳಿತು ಕಾಯಬಹುದು. ಇದಕ್ಕೆ ಅವರು ಡಿಗ್ನಿಟಿ ಲ್ಯಾಂಡಿಂಗ್ ಎನ್ನುತ್ತಾರೆ. ಇಲಾಖೆಯ ಕನ್ನಡದಲ್ಲಿ 'ಘನತಾ ತಂಗುದಾಣ' ಎಂದು ಫಲಕ ಬಿದ್ದರೂ ಬೀಳಬಹುದು. ನಾನಾದರೆ 'ಮರ್ಯಾದೆಯ ಜಗುಲಿ' ಎನ್ನುತ್ತೇನೆ. ತಂಗಿಯ ಮಗ ಎರಡನೆಯ ಭೇಟಿಯಲ್ಲಿ ಆ ಜಗುಲಿಯ ಮೇಲೆ ಕುಳಿತು, ಮೇಲಿದ್ದ ನನ್ನ ಮಗಳಿಗೆ "ಕುರ್ಚಿ ನಿಧಾನಕ್ಕೆ ತಗೊಂಡು ಬಾ, ಅವಸರವಿಲ್ಲ" ಎಂದು ಯಜಮಾನನ ಹಾಗೆ ಅಪ್ಪಣೆ ಕೊಟ್ಟ.

ಸುತ್ತುವ ಚಕ್ರವನ್ನು ನೆಲದ ಮಟ್ಟಕ್ಕೆ ಇಳಿಸಿ ಕೂರಿಸಿರುವುದರಿಂದ ಕುರ್ಚಿ ನೇರವಾಗಿ ಅದರೊಳಗೆ ಉರುಳುತ್ತದೆ. ಉಯ್ಯಾಲೆ, ಜಾರುವಿಕೆ, ಸುತ್ತಾಟ, ಸಂಗೀತ, ಪುಟಾಣಿಗಳ ಆಟ ಎಂದು ಅಂಗಳವನ್ನು ವಲಯಗಳಾಗಿ ಹಂಚಿರುವುದು ಮೇಲುನೋಟಕ್ಕೆ ಅಲಂಕಾರದಂತೆ ಕಂಡರೂ ಅದಕ್ಕೆ ಕಾರಣವಿದೆ: ಆಟಿಸಂ ಇರುವ ಮಗುವಿಗೆ ಎದುರಿಗೆ ಏನು ಬರಲಿದೆ ಎಂಬುದು ಮೊದಲೇ ಗೊತ್ತಿದ್ದರೆ ಗಾಬರಿ ಕಡಿಮೆ. ಗದ್ದಲ ಮಿತಿಮೀರಿದಾಗ ಹೊಕ್ಕು ಕೂರಲು ಚಿಕ್ಕ ಗೂಡುಗಳಿವೆ. ಸುತ್ತ ಬೇಲಿಯಿದೆ, ಓಡಿಹೋಗುವ ಅಭ್ಯಾಸವಿರುವ ಮಕ್ಕಳ ತಂದೆತಾಯಿಗೆ ಇದಕ್ಕಿಂತ ದೊಡ್ಡ ಸೌಕರ್ಯ ಬೇರೆಯಿಲ್ಲ. ಕಲಾವಿದೆ ಜೆನ್ ಲೆವಿನ್ ರೂಪಿಸಿದ ಲೇಸರ್ ಹಾರ್ಪ್ ಎಂಬ ತಂತಿಯಿಲ್ಲದ ವಾದ್ಯದಲ್ಲಿ ಕಿರಣಗಳಿಗೆ ಅಡ್ಡ ಹೋದರೆ ಸ್ವರ ಹೊಮ್ಮುತ್ತದೆ. ಬೆರಳಿನ ಹಿಡಿತವಿಲ್ಲದ ಮಗುವೂ ಅದನ್ನು ನುಡಿಸಬಹುದು, ದೊಡ್ಡವರೂ ಬಿಡುವುದಿಲ್ಲ.

ಇದೆಲ್ಲ ಡಾಲರಿನ ಮಾತು, ನಮ್ಮಲ್ಲಿ ಆಗದ ಕೆಲಸ ಎಂದು ಕೈಚೆಲ್ಲುವವರಿಗೆ ಒಂದು ಮಾತು ನೆನಪಿಸಬೇಕು. ಬೆಂಗಳೂರಿನಲ್ಲಿ ಕಿಲಿಕಿಲಿ ಎಂಬ, ಅಂಗವೈಕಲ್ಯವಿರುವ ಮಕ್ಕಳ ಪೋಷಕರ ಪ್ರಯತ್ನದಿಂದ ಬೆಳೆದ ಸಂಸ್ಥೆಯು ಪಾಲಿಕೆಯೊಡನೆ ಸೇರಿ ಕೋಲ್ಸ್ ಪಾರ್ಕ್, ಬಸವನಗುಡಿಯ ಎಂ.ಎನ್. ಕೃಷ್ಣರಾವ್ ಪಾರ್ಕ್ ಮುಂತಾದ ಕಡೆ ಎಲ್ಲ ಮಕ್ಕಳೂ ಕೂಡಿ ಆಡುವ ಜಾಗಗಳನ್ನು ರೂಪಿಸಿದ್ದು ಮ್ಯಾಜಿಕಲ್ ಬ್ರಿಡ್ಜ್ ತೆರೆಯುವುದಕ್ಕಿಂತ ಮೊದಲೇ. ಸಾರ್ವಜನಿಕ ಸ್ಥಳಗಳು ಅಂಗವಿಕಲರಿಗೆ ತಲುಪುವಂತಿರಬೇಕು ಎನ್ನುವ ಕಾಯ್ದೆ 2016ರಿಂದ ನಮ್ಮಲ್ಲೂ ಇದೆ. ಕೊರತೆಯಿರುವುದು ಖರ್ಚಿನ ಕ್ರಮದಲ್ಲಿ. ನಮ್ಮ ಬಡಾವಣೆಯ ಪಾರ್ಕಿನಲ್ಲಿ (ಹೆಸರು ಬೇಡ) ಗಾಲಿಕುರ್ಚಿ ಸಮೇತ ತೂಗುವ ಉಯ್ಯಾಲೆಯೊಂದನ್ನು ತಂದು ನಿಲ್ಲಿಸಿದ್ದಾರೆ. ಅದರ ಸುತ್ತ ಮರಳು. ಬಾಗಿಲಿಗೆ ಬೀಗ; ಕೀಲಿ ಕಾವಲುಗಾರನ ಹತ್ತಿರ; ಕಾವಲುಗಾರ ಊಟಕ್ಕೆ ಹೋಗಿದ್ದ. ಪ್ರತ್ಯೇಕ ಬೇಲಿಯೊಳಗಿನ ಪ್ರತ್ಯೇಕ ಉಯ್ಯಾಲೆಯಲ್ಲಿ ಒಂಟಿಯಾಗಿ ತೂಗುವ ಮಗುವಿಗೆ ಜೊತೆಗಾರರು ಎಲ್ಲಿಂದ ಬರಬೇಕು? ಅದೇ ಹಣದಲ್ಲಿ ಮೊದಲು ದಾರಿ, ಆಮೇಲೆ ನೆಲ, ಆಮೇಲೆ ನೆರಳು ಮತ್ತು ಶೌಚಾಲಯ, ಉಳಿದರೆ ಸಲಕರಣೆ ಎಂದು ಹಂಚಿದ್ದರೆ, ಹಳೆಯ ಜೋಕಾಲಿಗಳಲ್ಲಿ ಒಂದಕ್ಕೆ ಬೆನ್ನಾಸರೆಯ ಆಸನ ಹಾಕಿಯೇ ಕೆಲಸ ನಡೆಯುತ್ತಿತ್ತು.

ಪಾಲೋ ಆಲ್ಟೋದ ನಕ್ಷೆಯನ್ನು ಹಾಗೆಯೇ ಇಳಿಸಿಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ರಬ್ಬರ್ ನೆಲ ಬಿಸಿಲಿಗೆ ಚೆನ್ನಾಗಿ ಕಾಯುತ್ತದೆ. ಕಲಬುರಗಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಅದರ ಮೇಲೆ ಬರಿಗಾಲಿಡಲಾಗದು, ಆದ್ದರಿಂದ ಹೊಂಗೆಯೋ ಬೇವೋ ಇರುವ ಜಾಗವನ್ನೇ ಆಟಕ್ಕೆ ಆರಿಸಿ, ರಬ್ಬರನ್ನು ಬೀಳುವ ಅಪಾಯವಿರುವ ಕಡೆಗಷ್ಟೇ ಮಿತಗೊಳಿಸುವುದು ಮೇಲು.

ಹೋಗುವವರಿಗೆ: ಪಾರ್ಕು ಇರುವುದು ಮಿಡಲ್‌ಫೀಲ್ಡ್ ರಸ್ತೆಯಲ್ಲಿ, ಗ್ರಂಥಾಲಯವೂ ಅದರ ಪಕ್ಕದಲ್ಲೇ. ವಾರಾಂತ್ಯದಲ್ಲಿ ಜನ ಕಿಕ್ಕಿರಿಯುವುದರಿಂದ, ಸದ್ದಿಗೆ ಬೆದರುವ ಮಕ್ಕಳಿದ್ದರೆ ವಾರದ ದಿನಗಳ ಬೆಳಗ್ಗೆ ಹೋಗುವುದು ಒಳ್ಳೆಯದು. ಬುತ್ತಿ ಬಿಚ್ಚಿ ಕೂರಲು ಮೇಜುಗಳಿವೆ. ನಮ್ಮ ಚಿತ್ರಾನ್ನ ಅಲ್ಲಿಯೇ ಖಾಲಿಯಾಯಿತು.

ಊರಿಗೆ ಬಂದ ಮೇಲೆ ಟೇಪು ಹಿಡಿದು ನಮ್ಮ ಪಾರ್ಕಿನ ಬಾಗಿಲು ಅಳೆದೆ. ಬೈಕು, ದನ ನುಗ್ಗದಿರಲೆಂದು ಅಡ್ಡಾದಿಡ್ಡಿ ನೆಟ್ಟ ಕಬ್ಬಿಣದ ಕೊಳವೆಗಳ ನಡುವಿನ ಸಂದು 19 ಇಂಚು. ತಂಗಿಯ ಮಗನ ಕುರ್ಚಿಯ ಅಗಲ 23. ಡಿಸೆಂಬರಿನಲ್ಲಿ ಅವರು ಬೆಂಗಳೂರಿಗೆ ಬರುತ್ತಾರೆ. ಒಂದು ಕೊಳವೆ ತೆಗೆಸಿಕೊಡಿ ಎಂದು ವಾರ್ಡ್ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ.